ಶಬ್ದಮಣಿದರ್ಪಣವೂ ಭಾಷಾರಚನೆಯ ಅಭ್ಯಾಸವೂ

ಕನ್ನಡದ ಅಭ್ಯಾಸಿಗಳಿಗೆ ಕೇಶಿರಾಜನ ಶಬ್ದಮಣಿದರ್ಪಣವು ಎರಡು ಬಗೆಯಾಗಿ ಪರಿಚಯವಾಗುವುದು. ವ್ಯಾಕರಣದ ಪಾಠದಲ್ಲಿ ಅದು ಶಾಸನ; ಅಲ್ಲಿಯ ಸೂತ್ರಕ್ಕೆ ಒಗ್ಗದ ರೂಪವೆಲ್ಲ ದೋಷ. ಭಾಷಾವಿಜ್ಞಾನದ ಪಾಠದಲ್ಲಿ ಅದೇ ಗ್ರಂಥವು ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ದ ಹಳೆಯ ಪ್ರಯತ್ನವೆನಿಸಿ ಎರಡು ಮಾತಿನಲ್ಲಿ ಮುಗಿದುಹೋಗುವುದು. ಮೊದಲನೆಯ ಪಾಠ ಕೇಳಿದವನು ಗ್ರಂಥವನ್ನು ಕಂಠಪಾಠ ಮಾಡುತ್ತಾನೆ, ಎರಡನೆಯದನ್ನು ಕೇಳಿದವನು ಅದನ್ನು ತೆರೆಯುವುದೇ ಇಲ್ಲ. ಇಬ್ಬರೂ ಅದನ್ನು ಓದಿದಂತಾಗಲಿಲ್ಲ. ಕೇಶಿರಾಜನು ಎಲ್ಲಿ ಕಿವಿಗೊಟ್ಟು ಕನ್ನಡವನ್ನು ಕೇಳಿದನು, ಎಲ್ಲಿ ಪರಂಪರೆಯಿಂದ ಬಂದ ಚೌಕಟ್ಟಿಗೆ ಅದನ್ನು ಬಗ್ಗಿಸಿದನು ಎಂಬುದನ್ನು ಸೂತ್ರಸೂತ್ರಕ್ಕೆ ನಿಂತು ಬೇರ್ಪಡಿಸುತ್ತ ಓದಿದರೆ ಭಾಷೆಯ ರಚನೆ ಎಂದರೇನು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪ್ರವೇಶಗ್ರಂಥ ಕನ್ನಡದಲ್ಲಿ ಸಿಗುವುದು ಕಷ್ಟ.

ಕೇಶಿರಾಜನ ಕಾಲ ಕ್ರಿ.ಶ. ಸುಮಾರು ೧೨೬೦. ಸೂಕ್ತಿಸುಧಾರ್ಣವವನ್ನು ಸಂಕಲಿಸಿದ ಮಲ್ಲಿಕಾರ್ಜುನನು ಅವನ ತಂದೆ. ಕವಿ ಜನ್ನನು ಸೋದರಮಾವ. ಸೂತ್ರಗಳು ಕಂದಪದ್ಯದಲ್ಲಿವೆ, ವೃತ್ತಿಯೂ ಅವನದೇ. ಸಂಧಿಯಿಂದ ತೊಡಗಿ ಅವ್ಯಯದವರೆಗೆ ಎಂಟು ಪ್ರಕರಣಗಳು, ಕೊನೆಗೆ ಪ್ರಯೋಗಸಾರ. ಕಿಟ್ಟೆಲರು ೧೮೭೨ರಲ್ಲಿ ಮಂಗಳೂರಿನಿಂದ ಇದನ್ನು ಪ್ರಕಟಿಸಿದ ಮೇಲೆ ದ್ರಾವಿಡ ಭಾಷೆಗಳ ಅಭ್ಯಾಸಿಗಳೆಲ್ಲರಿಗೂ ಇದು ಆಕರವಾಯಿತು. ಕನ್ನಡವನ್ನು ಕನ್ನಡದಲ್ಲಿಯೇ ವಿವರಿಸಿದುದು ಇದರ ಹಿರಿಮೆ. ಇದಕ್ಕೆ ಹಿಂದಿನ ಕರ್ಣಾಟಕ ಭಾಷಾಭೂಷಣವೂ, ೧೬೦೪ರಲ್ಲಿ ಭಟ್ಟಾಕಲಂಕನು ರಚಿಸಿದ ಶಬ್ದಾನುಶಾಸನವೂ ಕನ್ನಡವನ್ನು ಕುರಿತವೇ ಆದರೂ ಅವುಗಳ ಸೂತ್ರಗಳು ಸಂಸ್ಕೃತದಲ್ಲಿವೆ.

ಭಾಷಾವಿಜ್ಞಾನವು ರಚನೆ ಎಂದು ಕರೆಯುವುದು ಏನನ್ನು? ಈ ಶಾಸ್ತ್ರದ ಆಧುನಿಕ ರೂಪಕ್ಕೆ ಅಡಿಗಲ್ಲಾದದ್ದು ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಫರ್ಡಿನಾಂಡ್ ದ ಸೊಸ್ಯೂರ್ ಎಂಬ ವಿದ್ವಾಂಸನು ಮಾಡಿದ ಪಾಠಗಳು. ಅವನು ೧೯೧೩ರಲ್ಲಿ ತೀರಿಕೊಂಡನು. ಸಹೋದ್ಯೋಗಿಗಳಿಬ್ಬರು ಶಿಷ್ಯರ ಟಿಪ್ಪಣಿಗಳನ್ನು ಕೂಡಿಸಿ ೧೯೧೬ರಲ್ಲಿ ಗ್ರಂಥವಾಗಿಸಿದರು. ಅದರ ತಿರುಳನ್ನು ಹೀಗೆ ಹೇಳಬಹುದು: ಭಾಷೆಯು ಪದಗಳ ರಾಶಿಯಲ್ಲ, ಭೇದಗಳ ವ್ಯವಸ್ಥೆ. ಒಂದು ಧ್ವನಿಗೆ ಬೆಲೆ ಬರುವುದು ಅದು ತನ್ನ ನೆರೆಯ ಧ್ವನಿಯಿಂದ ಬೇರೆಯಾಗಿ ಅರ್ಥವನ್ನು ಬೇರೆ ಮಾಡುವುದರಿಂದ. ‘ಬಲೆ’ ಬೇರೆ, ‘ಬಳೆ’ ಬೇರೆ. ‘ಕಾಲು’ ಬೇರೆ, ‘ಕಾಳು’ ಬೇರೆ. ಇಲ್ಲಿ ಲ, ಳ ಎಂಬೆರಡು ಧ್ವನಿಗಳು ಅರ್ಥಭೇದವನ್ನು ಹೊತ್ತು ನಿಂತಿವೆ. ಹೀಗೆ ಅರ್ಥವನ್ನು ಬೇರ್ಪಡಿಸಬಲ್ಲ ಧ್ವನಿಯ ಘಟಕವು ಧ್ವನಿಮಾ. ಒಂದು ಭಾಷೆಯ ಧ್ವನಿಮಾಗಳೆಷ್ಟು ಎಂಬುದನ್ನು ತಿಳಿಯಲು ಅಕ್ಷರಮಾಲೆಯನ್ನು ಎಣಿಸಿದರೆ ಸಾಲದು. ಇಂಥ ಜೋಡಿಗಳನ್ನು ಹುಡುಕಬೇಕು.

ಲಿಪಿ ಬೇರೆ, ಭಾಷೆ ಬೇರೆ ಎಂಬುದು ಈ ಅಭ್ಯಾಸದ ಮೊದಲ ಪಾಠ. ಹಳೆಯ ಶಾಸನಗಳಲ್ಲಿ ಎ–ಏ, ಒ–ಓ ಇವುಗಳ ಹ್ರಸ್ವದೀರ್ಘ ಭೇದವನ್ನು ಲಿಪಿಯಲ್ಲಿ ಕಾಣಿಸುವ ವಾಡಿಕೆ ಇರಲಿಲ್ಲ. ಅಷ್ಟರಿಂದ ಅಂದಿನ ಕನ್ನಡಿಗರು ‘ಕೊಡು’ ಮತ್ತು ‘ಕೋಡು’ ಎಂಬ ಮಾತುಗಳನ್ನು ಒಂದೇ ಬಗೆಯಾಗಿ ಉಚ್ಚರಿಸುತ್ತಿದ್ದರೆಂದು ಹೇಳಲಾಗದು; ಛಂದಸ್ಸಿನ ಮಾತ್ರಾಗಣನೆಯೇ ಅದನ್ನು ಅಲ್ಲಗಳೆಯುವುದು. ಸಂಸ್ಕೃತದಲ್ಲಿ ಏ, ಓ ಯಾವಾಗಲೂ ದೀರ್ಘ. ಅಲ್ಲಿಯ ವರ್ಣಮಾಲೆಯನ್ನು ಹಾಗೆಯೇ ಇಟ್ಟುಕೊಂಡಿದ್ದರೆ ಕನ್ನಡದ ಹ್ರಸ್ವ ಎ, ಒಗಳಿಗೆ ವ್ಯಾಕರಣದಲ್ಲಿ ಸ್ಥಳವೇ ಇರುತ್ತಿರಲಿಲ್ಲ.

ಕೇಶಿರಾಜನು ಇಲ್ಲಿ ಮಾಡಿದ ಕೆಲಸವನ್ನು ಗಮನವಿಟ್ಟು ನೋಡಬೇಕು. ಅವನು ಸಂಸ್ಕೃತದ ಅಕ್ಷರಮಾಲೆಯನ್ನು ಎದುರಿಗಿಟ್ಟುಕೊಂಡು ಮೊದಲು ಕೂಡಿಸುತ್ತಾನೆ, ಅನಂತರ ಕಳೆಯುತ್ತಾನೆ. ದೇಶೀಯವೆಂದು ಹ್ರಸ್ವ ಎ, ಒ ಎಂಬ ಎರಡು ಸ್ವರಗಳನ್ನೂ ಱ, ೞ, ಳ ಎಂಬ ಮೂರು ವ್ಯಂಜನಗಳನ್ನೂ ಸೇರಿಸುತ್ತಾನೆ. ಋಕಾರಾದಿ ಸ್ವರಗಳು, ಶ, ಷ, ವಿಸರ್ಗ ಮೊದಲಾದುವು ಕನ್ನಡದವಲ್ಲವೆಂದು ಹೊರಗಿಡುತ್ತಾನೆ. ಉಳಿದ ಶುದ್ಧಗೆ ೪೭. ಸಂಸ್ಕೃತದ ಪ್ರಭಾವದಲ್ಲಿ ಮುಳುಗಿದವನೆಂಬ ಆರೋಪ ಹೊತ್ತ ವೈಯಾಕರಣನು ದೇವಭಾಷೆಯ ಅಕ್ಷರಗಳನ್ನು ‘ಇವು ಇಲ್ಲಿಯವಲ್ಲ’ ಎಂದು ಕೈಬಿಟ್ಟುದು ಸಣ್ಣ ಸಂಗತಿಯಲ್ಲ. ಭಾಷೆಗೆ ಅದರದೇ ಆದ ಧ್ವನಿವ್ಯವಸ್ಥೆಯಿದೆ ಎಂಬ ತಿಳಿವಿಲ್ಲದೆ ಈ ಕೂಡಿಸುವಿಕೆ ಕಳೆಯುವಿಕೆಗಳು ಸಾಧ್ಯವಿರಲಿಲ್ಲ.

ಆದರೆ ಕಳೆಯುವ ಕೆಲಸವು ಅರ್ಧಕ್ಕೆ ನಿಂತಿತು. ಆ ನಲವತ್ತೇಳರಲ್ಲಿ ಹತ್ತು ಮಹಾಪ್ರಾಣಗಳು ಉಳಿದಿವೆ. ‘ದನ–ಧನ’ದಂಥ ಜೋಡಿಯಲ್ಲಿ ಮಹಾಪ್ರಾಣವು ಅರ್ಥಭೇದ ಮಾಡುವುದೇನೋ ನಿಜ, ಆದರೆ ಆ ಜೋಡಿಯ ಒಂದು ಪದ ಸಂಸ್ಕೃತದ್ದು. ಅಚ್ಚಗನ್ನಡದ ಎರಡು ಪದಗಳು ಮಹಾಪ್ರಾಣವೊಂದರಿಂದಲೇ ಬೇರೆಯಾಗುವ ಜೋಡಿಯನ್ನು ಹುಡುಕಹೊರಟವನು ಬರಿಗೈಯಲ್ಲಿ ಹಿಂದಿರುಗುತ್ತಾನೆ. ಙ, ಞಗಳ ಗತಿಯೂ ಹೀಗೆಯೇ. ‘ಅಂಗಡಿ’ಯಲ್ಲಿ ಬರುವ ಅನುನಾಸಿಕವೂ ‘ಮಂಚ’ದಲ್ಲಿ ಬರುವ ಅನುನಾಸಿಕವೂ ಕಿವಿಗೆ ಬೇರೆಯಾಗಿದ್ದರೂ, ಮುಂದಿನ ವ್ಯಂಜನವನ್ನು ನೋಡಿ ಹುಟ್ಟಿದ ಭೇದವದು, ಒಂದರ ಸ್ಥಾನದಲ್ಲಿ ಇನ್ನೊಂದು ಬಂದು ಅರ್ಥ ಕೆಡಿಸುವ ಸಂಭವವೇ ಇಲ್ಲ. ಇವು ಒಂದೇ ಧ್ವನಿಮಾದ ಸಾಂದರ್ಭಿಕ ರೂಪಗಳು. ವರ್ಗಾಕ್ಷರಗಳ ಐದೈದರ ಚೌಕವು ಕೆಡಬಾರದೆಂಬ ಗೌರವವು ಇಲ್ಲಿ ಕೇಶಿರಾಜನ ಕೈಯನ್ನು ತಡೆದಿರಬೇಕು.

ಱ, ೞಗಳ ವಿಷಯ ಇದಕ್ಕಿಂತ ರೋಚಕ. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಜೀವಿಸು. ‘ಕರೆ’ ಎಂದರೆ ಕೂಗಿ ಬರಮಾಡು, ‘ಕಱೆ’ ಎಂದರೆ ಹಾಲು ಹಿಂಡು. ‘ಅರಿ’ ಎಂದರೆ ಕೊಯ್ಯು, ‘ಅಱಿ’ ಎಂದರೆ ತಿಳಿ. ಇವು ಹಳಗನ್ನಡದ ನಾಲ್ಕು ಬೇರೆ ಬೇರೆ ಧ್ವನಿಮಾಗಳೆಂಬುದಕ್ಕೆ ಇಷ್ಟು ಸಾಕು. ಇಂದು ‘ಹಸುವನ್ನು ಕರೆದಳು’ ಎಂಬ ವಾಕ್ಯಕ್ಕೆ ಎರಡು ಅರ್ಥ. ಹಳಗನ್ನಡದವನಿಗೆ ಈ ಸಂದೇಹ ಹುಟ್ಟುತ್ತಿರಲಿಲ್ಲ. ‘ಹೇಳು’, ‘ಕೇಳು’ ಇಂದು ಸರಿಜೋಡಿಯಾಗಿ ಪ್ರಾಸ ಕೂಡುತ್ತವೆ. ‘ಪೇೞ್’, ‘ಕೇಳ್’ ಎಂಬ ಹಳೆಯ ರೂಪಗಳಲ್ಲಿ ಕೊನೆಯ ವ್ಯಂಜನವೇ ಬೇರೆ.

ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಪದಗಳ ಪಟ್ಟಿಯಿದೆ. ಓದುಗರು ಇದನ್ನು ಬೇಸರದಿಂದ ದಾಟಿ ಹೋಗುವುದು ಸಾಮಾನ್ಯ. ಆದರೆ ಆ ಪಟ್ಟಿ ಏಕೆ ಬೇಕಾಯಿತು? ಲ, ಳಗಳ ಭೇದವನ್ನು ತಿಳಿಸಲು ಯಾರೂ ಪಟ್ಟಿ ಕೊಡುವುದಿಲ್ಲ. ಆಡುವವನ ಕಿವಿಯೇ ಅದನ್ನು ಹೇಳುವುದು. ಪಟ್ಟಿ ಬೇಕಾಗುವುದು ಕಿವಿಯು ಸಾಕ್ಷಿ ಹೇಳುವುದನ್ನು ನಿಲ್ಲಿಸಿದಾಗ. ಕೇಶಿರಾಜನ ಕಾಲಕ್ಕೆ ೞಕಾರವು ಆಡುಮಾತಿನಲ್ಲಿ ಳಕಾರದೊಡನೆ ಬೆರೆತು, ವ್ಯಂಜನದ ಹಿಂದೆ ರಕಾರವಾಗಿ, ಅಲ್ಲಿಂದ ಮುಂದೆ ದ್ವಿತ್ವವಾಗಿ (‘ಎೞ್ದು’ ಹೋಗಿ ‘ಎರ್ದು’, ಅದು ಹೋಗಿ ‘ಎದ್ದು’) ಮರೆಯಾಗುತ್ತಿತ್ತು. ಕಾವ್ಯದ ಕಟ್ಟುಪಾಡಿನಲ್ಲಿ ಮಾತ್ರ ಅದು ಜೀವಂತ. ಕವಿಯಾಗಬಯಸುವವನು ಅದನ್ನು ಕಲಿಯಬೇಕಾಗಿತ್ತು, ಕಲಿಯಲು ಪಟ್ಟಿ ಬೇಕಾಗಿತ್ತು. ವೈಯಾಕರಣನು ಶುದ್ಧರೂಪವನ್ನು ಉಳಿಸಲು ಕೊಟ್ಟ ಪಟ್ಟಿಯು ಆ ರೂಪದ ಅಳಿವಿಗೇ ಸಾಕ್ಷಿಯಾಗಿ ನಿಂತಿದೆ.

ಕುಳ, ಕ್ಷಳಗಳ ವಿಂಗಡಣೆಯಲ್ಲಿ ಮಾತ್ರ ಅವನ ವಿಚಾರವು ಎರಡು ಬೇರೆ ವಿಷಯಗಳನ್ನು ಒಂದು ಮಾಡಿದೆ. ಕುಳವೆಂದರೆ ಕನ್ನಡದ ಸಹಜ ಳಕಾರ. ಕ್ಷಳವೆಂದರೆ ಸಂಸ್ಕೃತದ ಲಕಾರಕ್ಕೆ ಬದಲಾಗಿ ಬರುವ ಳಕಾರ, ‘ಕಮಲ’ವು ‘ಕಮಳ’ವಾದಂತೆ. ಕವಿಗೆ ಈ ತಿಳಿವಳಿಕೆ ಉಪಯುಕ್ತ, ಏಕೆಂದರೆ ಕ್ಷಳವನ್ನು ಲಕಾರವಾಗಿಯೂ ಬಳಸಬಹುದು, ಕುಳವನ್ನು ಬಳಸಲಾಗದು. ಆದರೆ ಬಾಯಿಂದ ಹೊರಟು ಕಿವಿಗೆ ಬೀಳುವ ಧ್ವನಿ ಎರಡರಲ್ಲಿಯೂ ಒಂದೇ. ಭೇದವಿರುವುದು ಪದಗಳ ಹುಟ್ಟಿನಲ್ಲಿ. ಒಂದು ಕಾಲದ ಭಾಷೆಯ ವ್ಯವಸ್ಥೆಯನ್ನೂ ಆ ವ್ಯವಸ್ಥೆಯ ಚರಿತ್ರೆಯನ್ನೂ ಬೇರೆಬೇರೆಯಾಗಿ ನೋಡಬೇಕೆಂಬ ಸೊಸ್ಯೂರನ ವಿವೇಚನೆಯು ಎಷ್ಟು ಅಗತ್ಯವೆಂಬುದಕ್ಕೆ ಇದು ಕನ್ನಡದ್ದೇ ಆದ ನಿದರ್ಶನ.

ಶುದ್ಧ, ಅಶುದ್ಧಗಳ ಮಾತಿಗೂ ಇದೇ ವಿವೇಚನೆ ಸಲ್ಲುವುದು. ‘ಪಾಲ್’ ಎಂಬುದು ‘ಹಾಲು’ ಆಯಿತು. ಪದಾದಿಯ ಪಕಾರವು ಹಕಾರವಾಯಿತು, ಪದಾಂತ್ಯದ ವ್ಯಂಜನಕ್ಕೆ ಉಕಾರ ಸೇರಿತು. ಇಂದು ‘ಹಾಲು’ ಶಿಷ್ಟರೂಪ. ಅದೇ ದಾರಿಯಲ್ಲಿ ಮತ್ತೊಂದು ಹೆಜ್ಜೆ ಮುಂದೆ ಹೋಗಿ ಹಕಾರವನ್ನು ಬಿಟ್ಟು ‘ಆಲು’ ಎನ್ನುವ ಹಳ್ಳಿಯ ಹುಡುಗನು ತರಗತಿಯಲ್ಲಿ ನಗೆಗೀಡಾಗುತ್ತಾನೆ. ಪಂಪನ ಕಾಲದ ಪಂಡಿತನಿಗೆ ‘ಹಾಲು’ ಹೇಗೆ ಕೇಳಿಸುತ್ತಿದ್ದಿತೆಂದು ನಗುವವರು ಯೋಚಿಸಿದಂತಿಲ್ಲ. ಆ ಹುಡುಗನು ಹಕಾರವನ್ನು ಮನಬಂದಂತೆ ಬಿಡುವುದಿಲ್ಲ, ಕ್ರಮವಾಗಿ ಬಿಡುತ್ತಾನೆ, ಕ್ರಮವಿದ್ದಲ್ಲಿ ವ್ಯವಸ್ಥೆಯಿದೆ. ಅವನಿಗೆ ಗ್ರಂಥಭಾಷೆಯ ರೂಪವನ್ನು ಕಲಿಸಬೇಕಾದುದು ನ್ಯಾಯವೇ. ಆದರೆ ಎರಡನೆಯ ವ್ಯವಸ್ಥೆಯೊಂದನ್ನು ಕಲಿಸುತ್ತಿದ್ದೇವೆಂಬ ಎಚ್ಚರ ಉಪಾಧ್ಯಾಯರಿಗೆ ಇದ್ದಲ್ಲಿ ಕಲಿಸುವ ಬಗೆಯೇ ಬೇರೆಯಾದೀತು.

ಧ್ವನಿಯಿಂದ ಪದದ ರಚನೆಗೆ ಬಂದರೆ, ಅರ್ಥವುಳ್ಳ ಅತಿ ಸಣ್ಣ ಘಟಕವನ್ನು ಭಾಷಾವಿಜ್ಞಾನವು ಆಕೃತಿಮಾ ಎನ್ನುವುದು. ‘ಮನೆಗೆ’, ‘ಮರಕ್ಕೆ’, ‘ಊರಿಗೆ’ ಎಂಬಲ್ಲಿ ಗೆ, ಕ್ಕೆ, ಇಗೆ ಎಂಬ ಮೂರು ರೂಪಗಳಿವೆ. ಇವು ಮೂರು ಪ್ರತ್ಯಯಗಳಲ್ಲ, ಒಂದೇ ಪ್ರತ್ಯಯದ ಮೂರು ವೇಷಗಳು. ಯಾವ ವೇಷ ಎಲ್ಲಿ ಎಂಬುದು ಪ್ರಕೃತಿಯ ಕೊನೆಯ ಧ್ವನಿಯಿಂದಲೂ ಲಿಂಗದಿಂದಲೂ ಗೊತ್ತಾಗುವುದು. ‘ಮರ’, ‘ಅಣ್ಣ’ ಎರಡೂ ಅಕಾರಾಂತವೇ, ಆದರೂ ‘ಮರಕ್ಕೆ’ ಎನ್ನುವಂತೆ ‘ಅಣ್ಣಕ್ಕೆ’ ಎನ್ನಲಾಗದು, ‘ಅಣ್ಣನಿಗೆ’ ಎನ್ನಬೇಕು. ಕನ್ನಡದ ಲಿಂಗವು ಅರ್ಥವನ್ನು ಅನುಸರಿಸುವುದೆಂಬುದನ್ನು ಕೇಶಿರಾಜನು ಸ್ಪಷ್ಟವಾಗಿ ಕಂಡಿದ್ದನು: ಪುರುಷರು ಪುಲ್ಲಿಂಗ, ಸ್ತ್ರೀಯರು ಸ್ತ್ರೀಲಿಂಗ, ಮಿಕ್ಕುದು ನಪುಂಸಕ. ಹೆಂಡತಿ ಎಂಬರ್ಥದ ‘ದಾರ’ ಶಬ್ದವು ಪುಲ್ಲಿಂಗವಾಗಿರುವ ಸಂಸ್ಕೃತವನ್ನು ಓದಿ ಬಂದವನು ಕನ್ನಡದ ಈ ಸರಳತೆಯನ್ನು ಹಾಗೆಯೇ ಎತ್ತಿ ಹೇಳಿದುದು ಅವನ ಗ್ರಹಿಕೆಗೆ ಸಾಕ್ಷಿ.

ವಿಭಕ್ತಿಗಳಲ್ಲಿ ಇಂಥ ಸ್ವಾತಂತ್ರ್ಯ ಕಾಣದು. ಸಂಸ್ಕೃತದಲ್ಲಿ ಸಂಬೋಧನೆಯನ್ನು ಬಿಟ್ಟು ಏಳು ವಿಭಕ್ತಿಗಳಿವೆ. ಕನ್ನಡದಲ್ಲಿಯೂ ಏಳು ಬಂದುವು. ಆರಕ್ಕೆ ಪ್ರತ್ಯಯಗಳು ಸಹಜವಾಗಿ ಸಿಕ್ಕಿದುವು. ಪಂಚಮಿಗೆ ಸಿಗಲಿಲ್ಲ. ಆಗ ‘ಅತ್ತಣಿಂ’ ಎಂಬುದು ಆ ಸ್ಥಾನಕ್ಕೆ ಬಂದಿತು. ಬಿಡಿಸಿ ನೋಡಿದರೆ ಅದರಲ್ಲಿರುವುದು ದಿಕ್ಕನ್ನು ಹೇಳುವ ‘ಅತ್ತಣ’ವೂ ತೃತೀಯೆಯ ‘ಇಂ’ ಪ್ರತ್ಯಯವೂ. ಇಂದಿನ ಶಾಲಾವ್ಯಾಕರಣದ ‘ದೆಸೆಯಿಂದ’ ಎಂಬುದೂ ‘ದೆಸೆ’ ಎಂಬ ನಾಮಪದಕ್ಕೆ ‘ಇಂದ’ ಸೇರಿದ ರೂಪವೇ. ಕನ್ನಡಿಗನು ‘ಕೊಡಲಿಯಿಂದ ಕಡಿದನು’ ಎನ್ನುತ್ತಾನೆ, ‘ಮರದಿಂದ ಎಲೆ ಉದುರಿತು’ ಎನ್ನುತ್ತಾನೆ. ‘ಮರದ ದೆಸೆಯಿಂದ ಎಲೆ ಉದುರಿತು’ ಎಂದು ಹೇಳುವುದು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಮಾತ್ರ. ‘ದೆಸೆಯಿಂದ’ ಒಂದು ವಿಭಕ್ತಿಯಾದರೆ ‘ಮೇಲೆ’, ‘ಕೆಳಗೆ’, ‘ಬಳಿ’, ‘ಕಡೆಗೆ’ ಇವೆಲ್ಲ ಏಕಾಗಬಾರದು? ಎರಡು ಅರ್ಥಗಳಿಗೆ ಒಂದೇ ಪ್ರತ್ಯಯವನ್ನು ಬಳಸುವುದು ಭಾಷೆಗೆ ಕೊರತೆಯಲ್ಲ. ಬೇರೊಂದು ಭಾಷೆಯಲ್ಲಿರುವ ಮನೆಗೆ ಏಳು ಕೋಣೆಗಳೆಂದು ಇಲ್ಲಿಯ ಮನೆಗೂ ಏಳನೆಯ ಕೋಣೆಯನ್ನು ಗೋಡೆಯ ಮೇಲೆ ಬರೆದು ತೋರಿಸಬೇಕಾಗಿಲ್ಲ.

ಅರಿಸಮಾಸದ ನಿಷೇಧವೂ ಇದೇ ಜಾತಿಯದು. ಕನ್ನಡ, ಸಂಸ್ಕೃತ ಪದಗಳು ಸಮಾಸದಲ್ಲಿ ಕೂಡಬಾರದೆಂದು ಹೇಳಿ, ಪೂರ್ವಕವಿಪ್ರಯೋಗವಿದ್ದಲ್ಲಿ ಒಪ್ಪುವ ಬಗೆಯಲ್ಲಿ ಕೇಶಿರಾಜನು ವಿವರಿಸುವವನ ಪೀಠದಿಂದ ಇಳಿದು ಆಳುವವನ ಪೀಠವನ್ನೇರಿದ್ದಾನೆ. ನಿಷೇಧಿಸಬೇಕಾದಷ್ಟು ಅದು ರೂಢಿಯಲ್ಲಿತ್ತೆಂಬುದೇ ಇಲ್ಲಿ ತಿಳಿಯಬೇಕಾದ ಸಂಗತಿ.

ಕನ್ನಡದ ರಚನೆಯ ಅಂದವು ಎದ್ದು ಕಾಣುವುದು ಕ್ರಿಯಾಪದದಲ್ಲಿ, ಅದರಲ್ಲಿಯೂ ಪ್ರತಿಷೇಧರೂಪದಲ್ಲಿ. ‘ಮಾಡಿದನು’ ಎಂಬಲ್ಲಿ ಧಾತುವಿಗೂ ‘ಅನು’ ಎಂಬ ಪುರುಷವಾಚಕಕ್ಕೂ ನಡುವೆ ದಕಾರವಿದೆ, ಅದು ಭೂತಕಾಲದ ಗುರುತು. ‘ಮಾಡುವನು’ ಎಂಬಲ್ಲಿ ವಕಾರವಿದೆ, ಅದು ಭವಿಷ್ಯತ್ತಿನ ಗುರುತು. ‘ಮಾಡನು’ ಎಂಬಲ್ಲಿ ನಡುವೆ ಏನೂ ಇಲ್ಲ. ಧಾತು, ಪುರುಷವಾಚಕ, ಎರಡೇ. ಆದರೂ ಅರ್ಥ ನಿಷೇಧ. ಇಲ್ಲ ಎಂಬ ಅರ್ಥವನ್ನು ಹೇಳುವ ಘಟಕವು ಕಣ್ಣಿಗೆ ಕಾಣದು, ಕಿವಿಗೆ ಕೇಳದು. ಕಾಲದ ಗುರುತು ಇರಬೇಕಾದ ಸ್ಥಾನವು ಬರಿದಾಗಿರುವುದೇ ನಿಷೇಧದ ಗುರುತು. ಒಂದು ವ್ಯವಸ್ಥೆಯಲ್ಲಿ ಬರಿದಾದ ಸ್ಥಾನಕ್ಕೂ ಬೆಲೆಯುಂಟೆಂಬುದನ್ನು ತೋರಿಸಲು ಇದಕ್ಕಿಂತ ತಿಳಿಯಾದ ಉದಾಹರಣೆ ದುರ್ಲಭ.

ಬರಿದಾದುದನ್ನೂ ಶಾಸ್ತ್ರದಲ್ಲಿ ಲೆಕ್ಕಕ್ಕೆ ಹಿಡಿಯುವ ಜಾಣ್ಮೆ ಭಾರತೀಯ ವ್ಯಾಕರಣಕ್ಕೆ ಹೊಸತಲ್ಲ. ಪಾಣಿನಿಯು ಲೋಪಸಂಜ್ಞೆಯನ್ನು ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದಲ್ಲಿಯೇ ನಿರೂಪಿಸಿದ್ದಾನೆ. ಅಮೆರಿಕದ ಭಾಷಾವಿಜ್ಞಾನಕ್ಕೆ ಬುನಾದಿ ಹಾಕಿದ ಲಿಯೊನಾರ್ಡ್ ಬ್ಲೂಮ್‌ಫೀಲ್ಡನು ೧೯೩೩ರ ತನ್ನ ಗ್ರಂಥದಲ್ಲಿ ಪಾಣಿನಿಯನ್ನು ಮುಕ್ತಕಂಠದಿಂದ ಕೊಂಡಾಡಿದ್ದಾನೆ; ಆ ಸಂಪ್ರದಾಯದವರು ಬಳಸುವ ಶೂನ್ಯರೂಪದ ಕಲ್ಪನೆಗೂ ಪಾಣಿನಿಯ ಲೋಪಕ್ಕೂ ಇರುವ ನಂಟು ವಿದ್ವಾಂಸರಿಗೆ ತಿಳಿದುದೇ. ಆದರೆ ಸಂಸ್ಕೃತದಲ್ಲಿ ನಿಷೇಧಕ್ಕೆ ‘ನ’ ಎಂಬ ಬೇರೆ ಪದವಿದೆ, ನಿಷೇಧಕ್ಕೆಂದೇ ಕ್ರಿಯಾಪದದ ರೂಪಮಾಲೆಯಿಲ್ಲ. ಆದುದರಿಂದ ಕನ್ನಡದ ವೈಯಾಕರಣರಿಗೆ ಇಲ್ಲಿ ನಕಲು ಮಾಡಲು ಮಾದರಿಯೇ ಇರಲಿಲ್ಲ. ತಮ್ಮ ಭಾಷೆಯನ್ನು ನೋಡಿಯೇ ಬರೆಯಬೇಕಾಯಿತು. ಸೋದರ ಭಾಷೆಗಳೊಡನೆ ಹೋಲಿಸಿ ನೋಡುವವರು ಹಿಂದೊಮ್ಮೆ ಇಲ್ಲಿ ನಿಷೇಧದ ಅಕಾರವೊಂದು ಇದ್ದು ಪುರುಷವಾಚಕದ ಸ್ವರದಲ್ಲಿ ಕರಗಿರಬೇಕೆಂದು ಊಹಿಸುವುದುಂಟು. ‘ಮಾಡದ’, ‘ಮಾಡದೆ’ ಎಂಬ ರೂಪಗಳು ಆ ಊಹೆಗೆ ಇಂಬು ಕೊಡುತ್ತವೆ. ಅದು ಚರಿತ್ರೆಯ ಪ್ರಶ್ನೆ. ‘ಮಾಡನು’ ಎಂದು ಆಡಿದವನ ಮಟ್ಟಿಗೆ ನಡುವಣ ಸ್ಥಾನ ಬರಿದೇ.

ಕಾಲದ ಗುರುತಿಲ್ಲದ ಕಾರಣ ಈ ರೂಪಕ್ಕೆ ಕಾಲದ ಕಟ್ಟೂ ಇಲ್ಲ. ‘ಮಾಡನು’ ಎಂದರೆ ಮಾಡಲಿಲ್ಲ, ಮಾಡುವುದಿಲ್ಲ, ಮುಂದೆಯೂ ಮಾಡಲಾರನು ಎಂಬ ಮೂರೂ ಅರ್ಥಗಳಿಗೆ ಎಡೆಯುಂಟು. ವಚನಗಳನ್ನು ಓದುವವರಿಗೆ ಇದು ಕೇವಲ ವ್ಯಾಕರಣದ ಸಂಗತಿಯಾಗಿ ಉಳಿಯದು. ಶರಣರು ಮತ್ತೆ ಮತ್ತೆ ಬಳಸುವ ‘ಅರಿಯೆ’, ‘ಕಾಣೆ’, ‘ಒಲ್ಲೆ’ ಎಂಬ ಮಾತುಗಳು ಈ ಜಾತಿಯವು. ‘ಅರಿಯೆ’ ಎಂಬುದಕ್ಕೆ ಟೀಕೆಯಲ್ಲಿ ‘ನನಗೆ ಗೊತ್ತಿಲ್ಲ’ ಎಂದು ಅರ್ಥ ಬರೆಯುವುದು ವಾಡಿಕೆ. ರಚನೆಯ ದೃಷ್ಟಿಯಿಂದ ನೋಡಿದರೆ ಈ ಎರಡು ಮಾತುಗಳಲ್ಲಿ ಸಮಾನವಾದುದು ಬಹು ಕಡಿಮೆ. ‘ನನಗೆ ಗೊತ್ತಿಲ್ಲ’ ಎಂಬಲ್ಲಿ ಹೇಳುವವನು ಚತುರ್ಥಿಯಲ್ಲಿದ್ದಾನೆ; ತಿಳಿವು ಅವನ ಬಳಿಗೆ ಬಂದಿಲ್ಲವೆಂಬುದು ಆ ವಾಕ್ಯದ ವರದಿ. ಕ್ರಿಯೆಯಲ್ಲಿ ಪುರುಷದ ಗುರುತೇ ಇಲ್ಲ. ‘ಅರಿಯೆ’ ಎಂಬಲ್ಲಿ ಹೇಳುವವನು ಕ್ರಿಯಾಪದದ ಒಳಗೇ ಕುಳಿತಿದ್ದಾನೆ, ಕರ್ತೃವಾಗಿ ಕುಳಿತಿದ್ದಾನೆ, ಮತ್ತು ಅವನ ಅರಿಯದಿರುವಿಕೆಗೆ ನಿನ್ನೆ ನಾಳೆಗಳ ಮೇರೆಯಿಲ್ಲ. ದೇವರ ಎದುರು ನಿಂತವನು ಆಡುವ ಮಾತಿಗೆ ಯಾವ ರೂಪ ಒಪ್ಪುವುದೆಂಬುದನ್ನು ಓದುಗರೇ ನಿರ್ಣಯಿಸಬಹುದು. ಟೀಕಾಕಾರನು ಅರ್ಥ ತಪ್ಪಿ ಬರೆದನೆಂದಲ್ಲ. ಇಂದಿನ ಕನ್ನಡದಲ್ಲಿ ಆ ಸ್ಥಾನಕ್ಕೆ ಸರಿಯಾದ ರೂಪ ಬಳಕೆಯಿಂದ ಜಾರಿಹೋಗಿದೆ. ಉಳಿದಿರುವುದು ‘ಆಗದು’, ‘ಕೂಡದು’, ‘ಸಲ್ಲದು’ ಎಂಬಂಥ ಕೆಲವು, ಉತ್ತರ ಕರ್ನಾಟಕದ ಬಾಯಲ್ಲಿ ಇನ್ನೂ ಕೇಳಿಬರುವ ‘ಒಲ್ಲೆ’.

ಇನ್ನೂ ಒಂದು ತೊಡಕಿದೆ. ಹಳಗನ್ನಡದಲ್ಲಿ ಉತ್ತಮಪುರುಷದ ರೂಪ ‘ಅಱಿಯೆಂ’. ಕೊನೆಯ ಅನುಸ್ವಾರವು ಸವೆದು, ಱಕಾರವು ರಕಾರದಲ್ಲಿ ಸೇರಿ ಉಳಿದುದು ‘ಅರಿಯೆ’. ಈಗ ‘ನೀನು ಅರಿಯೆ’ ಎಂಬ ಮಧ್ಯಮಪುರುಷದ ರೂಪವೂ ಅದೇ. ‘ಊರೆಲ್ಲ ಅರಿಯೆ ಸಾರಿದನು’ ಎಂಬಲ್ಲಿ ಅದು ನಿಷೇಧವೇ ಅಲ್ಲ. ಊರಿಗೆಲ್ಲ ತಿಳಿಯುವಂತೆ ಎಂದು ಅರ್ಥ. ಒಂದೇ ಧ್ವನಿಸಮೂಹ, ಮೂರು ರಚನೆ. ಯಾವುದೆಂಬುದನ್ನು ಆ ಪದವೊಂದೇ ಹೇಳಲಾರದು. ಅದರ ಹಿಂದೆ ಮುಂದೆ ಯಾವ ಪದಗಳು ಅದಕ್ಕೆ ಕಟ್ಟುಬಿದ್ದಿವೆ ಎಂಬುದು ಹೇಳುವುದು. ವಚನವೊಂದರಲ್ಲಿ ಈ ಮೂರರ ನಡುವೆ ತಪ್ಪಿದವನು ಅರಿವನ್ನು ಅರಿಯದಿರುವಿಕೆಯೆಂದು, ತನ್ನನ್ನು ಕುರಿತ ಮಾತನ್ನು ಎದುರಿನವನ ನಿಂದೆಯೆಂದು ವ್ಯಾಖ್ಯಾನಿಸಿಬಿಡುವ ಅಪಾಯವುಂಟು.

ಹೀಗೆ ವಿಚಾರವು ವಾಕ್ಯಕ್ಕೆ ಬಂದು ನಿಲ್ಲುವುದು. ಶಬ್ದಮಣಿದರ್ಪಣವು ಹೆಸರಿಗೆ ತಕ್ಕಂತೆ ಶಬ್ದದ ದರ್ಪಣ. ವಾಕ್ಯಕ್ಕೆ ಅಲ್ಲಿ ಪ್ರಕರಣವಿಲ್ಲ. ಇದು ಅದರ ದೊಡ್ಡ ಕೊರತೆ. ‘ಮರ ಕಡಿದ ಆಳು’, ‘ಆಳು ಕಡಿದ ಮರ’, ‘ಮರ ಕಡಿದ ಕೊಡಲಿ’, ‘ಮರ ಕಡಿದ ಕೂಲಿ’ ಎಂಬ ನಾಲ್ಕರಲ್ಲಿಯೂ ‘ಕಡಿದ’ ಎಂಬ ಕೃದಂತವು ಒಂದೇ. ಮುಂದಿನ ನಾಮಪದವು ಕ್ರಮವಾಗಿ ಕರ್ತೃ, ಕರ್ಮ, ಕರಣ; ನಾಲ್ಕನೆಯದಕ್ಕೆ ಕಾರಕಗಳ ಪಟ್ಟಿಯಲ್ಲಿ ಹೆಸರೇ ಇಲ್ಲ. ಯಾವ ಪ್ರತ್ಯಯವೂ ಈ ಭೇದವನ್ನು ಹೇಳುತ್ತಿಲ್ಲ, ಆದರೂ ಕನ್ನಡ ಬಲ್ಲ ಐದು ವರ್ಷದ ಮಗು ತಡವರಿಸುವುದಿಲ್ಲ. ಆಡಿದ ವಾಕ್ಯದ ಹಿಂದೆ ಆಡದ ವಾಕ್ಯವೊಂದಿದೆ, ಕೇಳುವವನು ಅದನ್ನು ಬಲ್ಲನು. ನೋಮ್ ಚಾಮ್‌ಸ್ಕಿಯ ೧೯೫೭ರ ಗ್ರಂಥದಿಂದ ಮೊದಲಾದ ವಾಕ್ಯವಿಚಾರವು ಕೈಗೆತ್ತಿಕೊಂಡುದು ಇಂಥ ಬಲ್ಲವಿಕೆಯನ್ನು ನಿಯಮಗಳಲ್ಲಿ ಹಿಡಿಯುವ ಕೆಲಸವನ್ನು. ಸಂಬಂಧಸರ್ವನಾಮವನ್ನು ಹೆಚ್ಚಾಗಿ ನೆಚ್ಚದೆ ಕೃದಂತದಿಂದಲೇ ಉಪವಾಕ್ಯಗಳನ್ನು ಹೆಣೆಯುವ ಕನ್ನಡಕ್ಕೆ ಈ ಬಗೆಯ ವಿಚಾರವು ತೀರ ಅಗತ್ಯ.

ಕನ್ನಡದಲ್ಲಿ ಈ ಅಭ್ಯಾಸವು ಬೇರುಬಿಟ್ಟುದು ಹಳೆಯ ಸಾಹಿತ್ಯವನ್ನು ಬಲ್ಲ ವಿದ್ವಾಂಸರ ಕೈಯಲ್ಲಿ ಎಂಬುದನ್ನು ನೆನೆಯಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ೧೯೬೧ರಲ್ಲಿ ಕನ್ನಡದ ರಚನೆಯನ್ನು ಕುರಿತ ಗ್ರಂಥವನ್ನು ಹೊರತಂದ ಆರ್. ಸಿ. ಹಿರೇಮಠರು ವಚನಸಾಹಿತ್ಯದ ಸಂಪಾದಕರೂ ಹೌದು. ‘ಭಾಷಾವಿಜ್ಞಾನದ ಮೂಲತತ್ವಗಳು’ ಎಂಬ ಪಠ್ಯವನ್ನು ಬರೆದ ಎಂ. ಚಿದಾನಂದಮೂರ್ತಿಯವರು ಶಾಸನಗಳನ್ನೂ ಶೂನ್ಯಸಂಪಾದನೆಯನ್ನೂ ಕುರಿತು ಬರೆದವರು. ಪಠ್ಯದ ಓದಿಗೂ ರಚನೆಯ ಅಭ್ಯಾಸಕ್ಕೂ ಅವರು ನಡುಗೋಡೆ ಎಬ್ಬಿಸಲಿಲ್ಲ. ಅನಂತರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಹೆಸರಿನಲ್ಲಿಯೇ ತಮ್ಮ ವಾದವನ್ನು ಸಾರಿದ ಡಿ. ಎನ್. ಶಂಕರಭಟ್ಟರು ಶಾಲಾವ್ಯಾಕರಣದ ಸಂಸ್ಕೃತಾವಲಂಬನೆಯನ್ನು ನಿಷ್ಠುರವಾಗಿ ಪರೀಕ್ಷಿಸಿದರು. ವಿಭಕ್ತಿಯಂಥ ವಿಷಯಗಳಲ್ಲಿ ಆ ವಾದಕ್ಕೆ ಉತ್ತರ ಕೊಡುವುದು ಸುಲಭವಲ್ಲ. ಆದರೆ ಆ ಗ್ರಂಥವನ್ನು ಓದಿ ಉತ್ಸಾಹಗೊಂಡ ಕೆಲವರು ಕೇಶಿರಾಜನನ್ನೂ ಶಾಲಾವ್ಯಾಕರಣದ ಕರ್ತರನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ಸರಿಯಲ್ಲ. ಮೊದಲನೆಯವನು ಹ್ರಸ್ವ ಎ, ಒಗಳಿಗಾಗಿ ಕಿವಿಗೊಟ್ಟವನು. ಎರಡನೆಯವರು ಅವನ ಸೂತ್ರಗಳಿಗಾಗಿ ಕಣ್ಣು ಕೊಟ್ಟವರು.

ಅವನ ಮೇಲೆ ಹೊರಿಸಬಹುದಾದ ಆಕ್ಷೇಪ ಬೇರೊಂದಿದೆ. ತನಗೆ ಪ್ರಮಾಣರಾದ ಕವಿಗಳೆಂದು ಕೇಶಿರಾಜನು ಅಸಗ, ಗುಣವರ್ಮ, ಶ್ರೀವಿಜಯ, ಪೊನ್ನ ಮೊದಲಾದವರನ್ನು ಹೆಸರಿಸುತ್ತಾನೆ. ಅವನಿಗಿಂತ ಒಂದು ಶತಮಾನ ಹಿಂದೆ ಬಸವಾದಿ ಶರಣರ ಬಾಯಲ್ಲಿ ಆಡುಮಾತೇ ಸಾಹಿತ್ಯವಾಗಿತ್ತು. ಆ ಪಟ್ಟಿಯಲ್ಲಿ ಅವರಾರೂ ಇಲ್ಲ. ಅವನ ಕನ್ನಡಿಯಲ್ಲಿ ಕಾಣುವುದು ಕಾವ್ಯದ ಕನ್ನಡ, ಅದೂ ಆಗಲೇ ಹಿಂದೆ ಸರಿಯುತ್ತಿದ್ದ ಕನ್ನಡ. ಇದರ ಫಲವಾಗಿ ಹನ್ನೆರಡನೆಯ ಶತಮಾನದ ಆಡುನುಡಿಗೆ ಸಮಕಾಲೀನ ವೈಯಾಕರಣನ ಸಾಕ್ಷಿ ಇಲ್ಲವಾಯಿತು. ವಚನಗಳ ಹಸ್ತಪ್ರತಿಗಳಾದರೂ ಬಹುತೇಕ ಬಹಳ ಈಚಿನವು. ಪ್ರತಿಕಾರರು ತಮ್ಮ ಕಾಲದ ರೂಪಗಳನ್ನು ಅರಿತೋ ಅರಿಯದೆಯೋ ಸೇರಿಸಿದ್ದಾರೆ. ೧೯೨೩ರಲ್ಲಿ ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗ ಬಂದಂದಿನಿಂದ ಮುದ್ರಣದ ಉಪಕಾರವು ಅಪಾರವಾಗಿದ್ದರೂ, ಓದುಗರ ಅನುಕೂಲಕ್ಕೆಂದು ಕಾಗುಣಿತವನ್ನು ಒಂದೇ ಹದಕ್ಕೆ ತರುವ ಪದ್ಧತಿಯು ಸಾಮಾನ್ಯವಾಗಿ ಎಲ್ಲ ಹಳೆಯ ಪಠ್ಯಗಳ ಮುದ್ರಣದಲ್ಲಿಯೂ ಬೆಳೆಯಿತು.

ಇಲ್ಲಿ ಒಂದು ಸಣ್ಣ ಅಕ್ಷರದ ಬೆಲೆ ತಿಳಿಯುವುದು. ಶಾಸನಗಳಲ್ಲಿ ಕೆಲವೊಮ್ಮೆ ಳಕಾರ ಬರಬೇಕಾದಲ್ಲಿ ೞಕಾರ ಬಂದಿರುವುದು ಕಾಣುತ್ತದೆ. ತನ್ನ ಬಾಯಲ್ಲಿ ಎರಡೂ ಒಂದೇ ಆಗಿದ್ದವನು, ಹಿರಿಯರು ಎಲ್ಲಿಯೋ ೞಕಾರ ಬರೆಯುತ್ತಿದ್ದರೆಂದು ಮಾತ್ರ ಬಲ್ಲವನು, ಎಲ್ಲಿ ಎಂದು ತಿಳಿಯದೆ ಬರೆದ ತಪ್ಪು ಅದು. ಆ ಊರಿನಲ್ಲಿ ಆ ಕಾಲಕ್ಕೆ ೞಕಾರವು ಅಳಿದಿತ್ತೆಂಬುದಕ್ಕೆ ಆ ತಪ್ಪಿಗಿಂತ ನಂಬಲರ್ಹವಾದ ದಾಖಲೆ ಬೇರೆ ಇರದು. ಸಂಪಾದಕನು ಅದನ್ನು ತಿದ್ದಿ ಮೂಲರೂಪವನ್ನು ಅಡಿಟಿಪ್ಪಣಿಯಲ್ಲಿಯೂ ತೋರಿಸದೆ ಹೋದರೆ ದಾಖಲೆಯು ಅಲ್ಲಿಗೆ ಅಳಿಯಿತು.